ಬೀನ್ಸ್‌ಗೆ ಯಾವ ಗೊಬ್ಬರ: ಬೇರಿನ ಗಂಟು ನೋಡಿ ಆರಿಸಿಕೊಳ್ಳುವ ಬಗೆ

ಬೀನ್ಸ್ ಬೆಳೆಯಲು ಹೊರಟವರಿಗೆ ಗೊಬ್ಬರದ ವಿಷಯದಲ್ಲಿ ಒಂದಕ್ಕೊಂದು ತೀರಾ ವಿರುದ್ಧವಾದ ಎರಡು ಸಲಹೆಗಳು ಸಿಗುತ್ತವೆ. ಇದು ದ್ವಿದಳ ಜಾತಿಯ ಗಿಡ, ಗಾಳಿಯಲ್ಲಿರುವ ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ, ಆದ್ದರಿಂದ ಗೊಬ್ಬರವೇ ಬೇಡ ಎನ್ನುವುದು ಮೊದಲನೆಯದು. ಇದು ಎರಡು ತಿಂಗಳ ಅವಸರದ ತರಕಾರಿ, ಆದ್ದರಿಂದ ಎಲೆಕೋಸಿಗೋ ಟೊಮೆಟೊಗೋ ಕೊಟ್ಟಷ್ಟೇ ಇದಕ್ಕೂ ಕೊಡಬೇಕು ಎನ್ನುವುದು ಎರಡನೆಯದು. ಎರಡನ್ನೂ ಅಕ್ಷರಶಃ ಪಾಲಿಸಿದ ಮಡಿಗಳನ್ನು ನಾನು ನೋಡಿದ್ದೇನೆ. ಮೊದಲ ಮಡಿಯಲ್ಲಿ ಗಿಡಗಳು ಮೂರನೆಯ ವಾರಕ್ಕೇ ಹಳದಿಗಟ್ಟಿ ಗೇಣುದ್ದಕ್ಕೆ ನಿಂತುಬಿಟ್ಟಿದ್ದವು. ಎರಡನೆಯದರಲ್ಲಿ ಕಡುಹಸಿರು ಎಲೆಗಳು ಒತ್ತೊತ್ತಾಗಿ ಬೆಳೆದಿದ್ದರೂ, ಅವನ್ನು ಸರಿಸಿ ಹುಡುಕಿದರೆ ಅಲ್ಲೊಂದು ಇಲ್ಲೊಂದು ಕಾಯಿ ಮಾತ್ರ ಕಾಣುತ್ತಿತ್ತು.

ಆದ್ದರಿಂದ ಯಾವ ಗೊಬ್ಬರ ಶ್ರೇಷ್ಠ ಎಂದು ಕೇಳುವುದಕ್ಕಿಂತ, ಪ್ರತಿಯೊಂದು ಗೊಬ್ಬರವೂ ಬೀನ್ಸ್ ಗಿಡದ ಬೇರಿಗೆ ಮತ್ತು ಆ ಬೇರಿನ ಮೇಲಿರುವ ಗಂಟುಗಳಿಗೆ ಏನು ಮಾಡುತ್ತದೆ ಎಂದು ನೋಡಿ ಆರಿಸುವುದು ಮೇಲು. ಕೆಳಗಿನ ಹೋಲಿಕೆಯನ್ನೆಲ್ಲ ಆ ಒಂದೇ ಅಳತೆಗೋಲಿನಿಂದ ಮಾಡಿದ್ದೇನೆ. ಲೆಕ್ಕ ಸುಲಭವಾಗಲೆಂದು ಎಲ್ಲ ಪ್ರಮಾಣಗಳನ್ನೂ 10 ಚದರ ಮೀಟರ್ ಮಡಿಗೆ ಕೊಟ್ಟಿದ್ದೇನೆ. ಹೆಕ್ಟೇರಿಗೆ ಇಷ್ಟು ಕಿಲೋ ಎಂಬ ಶಿಫಾರಸು ನಿಮ್ಮ ಕೈಯಲ್ಲಿದ್ದರೆ, ಕಿಲೋ ಎಂಬುದನ್ನು ಗ್ರಾಂ ಎಂದು ಓದಿಕೊಂಡರೆ ಅದೇ 10 ಚದರ ಮೀಟರಿನ ಲೆಕ್ಕವಾಗುತ್ತದೆ.

ಸಾರಜನಕ: ಗಿಡದ ಪಾಲೆಷ್ಟು, ನಮ್ಮ ಪಾಲೆಷ್ಟು

ದ್ವಿದಳ ಗಿಡಗಳು ಗಾಳಿಯ ಸಾರಜನಕವನ್ನು ಬಳಸಿಕೊಳ್ಳುವುದು ಬೇರುಗಂಟುಗಳ ಮೂಲಕ ಎಂಬುದನ್ನು 1880ರ ದಶಕದಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ತೋರಿಸಿಕೊಟ್ಟರು. 1888ರಲ್ಲಿ ನೆದರ್ಲೆಂಡ್ಸಿನ ಬೇಯರಿಂಕ್ ಆ ಗಂಟುಗಳೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅಂದರೆ ದುಡಿಯುವುದು ಗಿಡವಲ್ಲ, ಅದರ ಬೇರಿನಲ್ಲಿ ಮನೆ ಮಾಡಿಕೊಂಡ ರೈಜೋಬಿಯಂ ಎಂಬ ಸೂಕ್ಷ್ಮಾಣು. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಗಿಡಕ್ಕೆ ಸಾರಜನಕ ಕೊಡುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಬೀನ್ಸ್ ತನ್ನ ಬಳಗದಲ್ಲೇ ಹಿಂದುಳಿದ ಗಿಡ. ಸೋಯಾ, ಅಲಸಂದೆಗಳು ತಮಗೆ ಬೇಕಾದ ಸಾರಜನಕದ ದೊಡ್ಡ ಪಾಲನ್ನು ತಾವೇ ಹೊಂದಿಸಿಕೊಳ್ಳಬಲ್ಲವು. ಬೀನ್ಸ್ ಗಿಡದ ಆಯಸ್ಸು ಕಡಿಮೆ. ಗಂಟುಗಳು ಕಣ್ಣಿಗೆ ಕಾಣಲು ಎರಡರಿಂದ ಮೂರು ವಾರ ಬೇಕು, ಅವು ಚೆನ್ನಾಗಿ ದುಡಿಯುವುದು ಹೂ ಬಿಡುವ ಹೊತ್ತಿಗೆ, ಕಾಯಿ ತುಂಬತೊಡಗಿದ ಮೇಲೆ ಮತ್ತೆ ಸೊರಗುತ್ತವೆ. ಗಿಡ್ಡ ಜಾತಿಯ ಬೀನ್ಸ್ 50 ರಿಂದ 60 ದಿನಗಳಲ್ಲಿ ಕೊಯ್ಲಿಗೆ ಬರುವುದರಿಂದ ಗಂಟುಗಳಿಗೆ ಸಿಗುವ ಕಾಲಾವಕಾಶವೇ ಚಿಕ್ಕದು.

ಹೀಗಾಗಿ ಮೊದಲ ಮೂರು ವಾರಗಳ ಸಾರಜನಕ ಮಣ್ಣಿನಿಂದಲೇ ಬರಬೇಕು. ಆದರೆ ಆ ಮೂರು ವಾರಗಳಲ್ಲಿ ಅತಿಯಾಗಿ ಕೊಟ್ಟರೆ, ಮಣ್ಣಿನಲ್ಲೇ ಸುಲಭವಾಗಿ ಸಿಗುವ ನೈಟ್ರೇಟನ್ನು ಕಂಡ ಗಿಡ ಸಕ್ಕರೆ ವೆಚ್ಚ ಮಾಡಿ ಗಂಟು ಕಟ್ಟಲು ಹೋಗುವುದಿಲ್ಲ. ಕೊಡುವ ಮತ್ತು ಕೊಡದಿರುವ ಎರಡು ಮಾರ್ಗಗಳ ನಡುವಿನ ಆಯ್ಕೆ ಇಲ್ಲಿಯೇ ಇದೆ, ಮತ್ತು ಇದನ್ನು ಊಹೆಯಿಂದ ನಿರ್ಧರಿಸಬೇಕಾಗಿಲ್ಲ.

ಬಿತ್ತಿದ 25 ರಿಂದ 30 ದಿನಗಳ ನಡುವೆ ಮಡಿಯ ಮೂರು ನಾಲ್ಕು ಕಡೆಗಳಲ್ಲಿ ಒಂದೊಂದು ಗಿಡವನ್ನು ಕೈಯಿಂದ ಎಳೆಯದೆ, ಗುದ್ದಲಿಯಿಂದ ಮಣ್ಣಿನ ಹೆಂಟೆಯ ಸಮೇತ ಎತ್ತಿ, ಒಂದು ಬಕೆಟ್ ನೀರಿನಲ್ಲಿ ನೆನೆಯಲು ಬಿಡಿ. ಎಳೆದರೆ ಗಂಟುಗಳು ಕಳಚಿ ಮಣ್ಣಿನಲ್ಲೇ ಉಳಿಯುತ್ತವೆ, ಗಂಟೇ ಇಲ್ಲವೆಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಮಣ್ಣು ಕರಗಿದ ಮೇಲೆ ಬೇರನ್ನು ಎತ್ತಿದರೆ ಸಾಸಿವೆಯಿಂದ ಮೆಣಸಿನ ಕಾಳಿನವರೆಗಿನ ಗಾತ್ರದ ದುಂಡನೆಯ ಗಂಟುಗಳು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುವುದು ಕಾಣುತ್ತದೆ. ಒಂದನ್ನು ಬಿಡಿಸಿ ಉಗುರಿನಿಂದ ಎರಡಾಗಿ ಸೀಳಿ. ಒಳಗೆ ಹಸಿ ಮಾಂಸದಂಥ ನಸುಗೆಂಪು ಇದ್ದರೆ ಗಂಟು ದುಡಿಯುತ್ತಿದೆ. ನಮ್ಮ ರಕ್ತದ ಕೆಂಪಿಗೆ ಕಾರಣವಾದ ವಸ್ತುವಿನ ನೆಂಟನಾದ ಲೆಗ್‌ಹೀಮೋಗ್ಲೋಬಿನ್ ಆ ಬಣ್ಣವನ್ನು ಕೊಡುತ್ತದೆ. ಬೆಳ್ಳಗಿದ್ದರೆ ಅದು ಇನ್ನೂ ಎಳೆಯದು ಅಥವಾ ಕೆಲಸಕ್ಕೆ ಬಾರದ ತಳಿಯ ಬ್ಯಾಕ್ಟೀರಿಯಾದಿಂದ ಆದದ್ದು. ಹಸಿರು ಅಥವಾ ಕಂದು ಬಣ್ಣವಿದ್ದರೆ ಅದರ ಕೆಲಸ ಮುಗಿದಿದೆ.

ನಸುಗೆಂಪಿನ ಗಂಟುಗಳು ಗಿಡವೊಂದಕ್ಕೆ ಹತ್ತಿಪ್ಪತ್ತಾದರೂ ಇದ್ದರೆ ಯೂರಿಯಾ ಚೀಲವನ್ನು ಬಿಚ್ಚುವ ಅಗತ್ಯವಿಲ್ಲ. ಗಂಟೇ ಇಲ್ಲದೆ, ಇಲ್ಲವೇ ಎಲ್ಲವೂ ಬೆಳ್ಳಗಿದ್ದು, ಕೆಳಗಿನ ಎಲೆಗಳೂ ತಿಳಿಹಳದಿಗೆ ತಿರುಗಿದ್ದರೆ ಬೀನ್ಸನ್ನು ಸಾಮಾನ್ಯ ತರಕಾರಿಯಂತೆ ಕಂಡು ಸಾರಜನಕ ಕೊಡಲೇಬೇಕು. ಆಗಲೂ ಹಿಂಜರಿದರೆ ಹೂವಿನ ಕಾಲ ಕೈತಪ್ಪಿ ಹೋಗುತ್ತದೆ. ಒಂದು ಎಚ್ಚರಿಕೆ ಮಾತ್ರ ಇಲ್ಲಿ ಬಹಳ ಮುಖ್ಯ: ಬೇರಿನ ಪಕ್ಕಕ್ಕೆ ಅಂಟಿಕೊಂಡು, ಬೆರಳಿನಿಂದ ಉಜ್ಜಿದರೆ ಸಲೀಸಾಗಿ ಕಳಚುವುದು ಒಳ್ಳೆಯ ಗಂಟು, ಬೇರೇ ಊದಿಕೊಂಡು ಗಡ್ಡೆಗಡ್ಡೆಯಾಗಿ, ಉಜ್ಜಿದರೂ ಬಿಡದೆ ಇರುವುದು ಬೇರಿನೊಳಗೆ ಸೇರುವ ಮಣ್ಣಿನ ಜಂತುಹುಳುವಿನ (ನೆಮಟೋಡ್) ಬಾಧೆ. ಎರಡನೆಯದನ್ನು ಮೊದಲನೆಯದೆಂದು ತಿಳಿದು ನೆಮ್ಮದಿಯಿಂದ ಇದ್ದವರನ್ನು ಕಂಡಿದ್ದೇನೆ.

ಬೀಜಕ್ಕೆ ರೈಜೋಬಿಯಂ ಲೇಪಿಸಬೇಕೇ ಬೇಡವೇ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಂದಲೇ ಸಿಗುತ್ತದೆ. ಬೀನ್ಸಿನ ತವರು ಮಧ್ಯ ಅಮೆರಿಕ ಮತ್ತು ಆಂಡಿಸ್ ಪರ್ವತ ಪ್ರದೇಶ. ಅದಕ್ಕೆ ಒಗ್ಗುವ ರೈಜೋಬಿಯಂ ಎಲ್ಲ ಮಣ್ಣಿನಲ್ಲೂ ಹುಟ್ಟಿನಿಂದಲೇ ಇರುವುದಿಲ್ಲ. ಹಿಂದೆ ಬೀನ್ಸ್ ಬೆಳೆದು ಬೇರಿನಲ್ಲಿ ನಸುಗೆಂಪು ಗಂಟು ಕಂಡ ಮಡಿಯಲ್ಲಿ ಲೇಪನದಿಂದ ಹೆಚ್ಚಿನ ಲಾಭವಿಲ್ಲ. ಬೀನ್ಸನ್ನೇ ಕಾಣದ ಹೊಸ ನೆಲವಾದರೆ, ಅಥವಾ ತುಂಬಾ ಹುಳಿಯಾಗಿದ್ದು ಈಗಷ್ಟೇ ಸುಣ್ಣ ಹಾಕಿ ಸರಿಪಡಿಸಿದ ನೆಲವಾದರೆ ಲೇಪಿಸಿಯೇ ಬಿತ್ತಿ. ಪೊಟ್ಟಣದ ಮೇಲೆ ಬೀನ್ಸ್ ಬೆಳೆಗೆ ಎಂದೇ ಬರೆದಿರಬೇಕು. ಕಡಲೆಕಾಯಿಗೋ ಸೋಯಾಕ್ಕೋ ತಯಾರಿಸಿದ ರೈಜೋಬಿಯಂ ಬೀನ್ಸಿನ ಬೇರಿನಲ್ಲಿ ಕೆಲಸ ಮಾಡುವುದಿಲ್ಲ. ಬೆಲ್ಲ ಅಥವಾ ಸಕ್ಕರೆಯನ್ನು ಕರಗಿಸಿದ ಅಂಟುನೀರಿನಲ್ಲಿ ಪುಡಿಯನ್ನು ಕಲಸಿ, ಬೀಜಕ್ಕೆ ಹಗುರವಾಗಿ ಸವರಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಬೇಕು. ಬಿಸಿಲಿನಲ್ಲಿ ಒಣಗಿಸಿದರೆ, ಶಿಲೀಂಧ್ರನಾಶಕ ಸವರಿದ ಬೀಜಕ್ಕೆ ಲೇಪಿಸಿದರೆ, ಅಥವಾ ರಾಸಾಯನಿಕ ಗೊಬ್ಬರದೊಡನೆ ಬೆರೆಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ.

ಗೊಬ್ಬರಕ್ಕಿಂತ ಮೊದಲು ರಸಸಾರ

ಬೀನ್ಸಿಗೆ 6.0 ರಿಂದ 6.8ರ ನಡುವಿನ ರಸಸಾರ (pH, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ) ಅತ್ಯಂತ ಅನುಕೂಲ. 5.5ಕ್ಕಿಂತ ಕೆಳಗಿಳಿದ ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಮತ್ತು ಮ್ಯಾಂಗನೀಸ್ ವಿಷದ ಮಟ್ಟಕ್ಕೆ ಕರಗಿ ಬೇರಿನ ತುದಿಯನ್ನು ಸುಡುತ್ತವೆ, ರಂಜಕ ಮಣ್ಣಿಗೆ ಕಚ್ಚಿಕೊಳ್ಳುತ್ತದೆ, ರೈಜೋಬಿಯಂ ಬದುಕುವುದೇ ಕಷ್ಟವಾಗುತ್ತದೆ. 7.5 ದಾಟಿದ ಮಣ್ಣಿನಲ್ಲಿ ಸತು, ಕಬ್ಬಿಣ, ಮ್ಯಾಂಗನೀಸ್ ಇದ್ದೂ ಸಿಗದಂತಾಗುತ್ತವೆ. ಹೀಗಿರುವಾಗ ಯಾವ ಗೊಬ್ಬರ ಎಂದು ಚರ್ಚಿಸುವುದು ಆಮೇಲಿನ ಮಾತು. ಒಮ್ಮೆ ಮಣ್ಣು ಪರೀಕ್ಷೆ ಮಾಡಿಸುವುದು ಯಾವ ಗೊಬ್ಬರಕ್ಕಿಂತಲೂ ಒಳ್ಳೆಯ ಖರ್ಚು. ಮಡಿಯ ಹತ್ತು ಹದಿನೈದು ಕಡೆಗಳಿಂದ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು, ಚೆನ್ನಾಗಿ ಬೆರೆಸಿ, ಅದರಲ್ಲಿ ಅರ್ಧ ಕಿಲೋದಷ್ಟನ್ನು ನೆರಳಿನಲ್ಲಿ ಒಣಗಿಸಿ ಕಳುಹಿಸಿದರೆ ಸಾಕು.

ಹುಳಿ ಮಣ್ಣಿಗೆ ಕೃಷಿ ಸುಣ್ಣ ಮತ್ತು ಡೋಲೊಮೈಟ್ ಎಂಬ ಎರಡು ಆಯ್ಕೆಗಳಿವೆ. ಮೆಗ್ನೀಸಿಯಂ ಕೂಡ ಕಡಿಮೆಯಿರುವ ಮರಳು ಮಣ್ಣಿಗೆ ಡೋಲೊಮೈಟ್ ಲೇಸು. ಮೆಗ್ನೀಸಿಯಂ ಸಾಕಷ್ಟಿದ್ದರೆ ಸುಣ್ಣವೇ ಸಾಕು. ಎರಡನ್ನೂ ಬಿತ್ತುವ ಎರಡು ಮೂರು ತಿಂಗಳ ಮೊದಲೇ ಹಾಕಿ ಮಣ್ಣಿಗೆ ಬೆರೆಸಬೇಕು. ಜಿಪ್ಸಂ ಸುಣ್ಣಕ್ಕೆ ಬದಲಿ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಜಿಪ್ಸಂ ಕ್ಯಾಲ್ಸಿಯಂ ಮತ್ತು ಗಂಧಕವನ್ನು ಕೊಡುತ್ತದೆಯೇ ಹೊರತು ಹುಳಿಯನ್ನು ಕಡಿಮೆ ಮಾಡುವುದಿಲ್ಲ.

ತಳಗೊಬ್ಬರ: ಕೊಟ್ಟಿಗೆ ಗೊಬ್ಬರದಿಂದ ಹಿಂಡಿಯವರೆಗೆ

ಬೀನ್ಸಿನ ಮಡಿಗೆ ನಾನು ಮೊದಲ ಸ್ಥಾನ ಕೊಡುವುದು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟಿಗೆ. ಕಾರಣವನ್ನು ಲೆಕ್ಕದಲ್ಲೇ ನೋಡೋಣ. 10 ಚದರ ಮೀಟರಿಗೆ 25 ಕಿಲೋ ಕೊಟ್ಟಿಗೆ ಗೊಬ್ಬರ ಹಾಕಿದರೆ, ಅದರಲ್ಲಿ ಸಾರಜನಕ ಶೇ 0.5 ಎಂದು ಹಿಡಿದರೂ 125 ಗ್ರಾಂ ಆಗುತ್ತದೆ; ಅದರಲ್ಲಿ ಸುಮಾರು ಕಾಲು ಭಾಗ, ಅಂದರೆ 30 ಗ್ರಾಂ, ಮೊದಲ ಬೆಳೆಗೆ ನಿಧಾನವಾಗಿ ಸಿಗುತ್ತದೆ. ಪೊಟ್ಯಾಷ್ ಕೂಡ ಶೇ 0.5ರಂತೆ 125 ಗ್ರಾಂ ಇರುತ್ತದೆ, ಅದರ ಹೆಚ್ಚಿನ ಪಾಲು ಬೇಗ ಒದಗುತ್ತದೆ. ಇನ್ನು ಆ ಮಡಿಯಿಂದ ನಾವು ಕೊಂಡೊಯ್ಯುವುದೆಷ್ಟು? ಚದರ ಮೀಟರಿಗೆ ಒಂದು ಕಿಲೋದಂತೆ 10 ಕಿಲೋ ಹಸಿರು ಕಾಯಿ ಕೊಯ್ದರೆ ಅದರೊಡನೆ ಹೋಗುವುದು ಸುಮಾರು 30 ಗ್ರಾಂ ಸಾರಜನಕ, 20 ಗ್ರಾಂಗಿಂತ ತುಸು ಹೆಚ್ಚು ಪೊಟ್ಯಾಸಿಯಂ, 4 ಗ್ರಾಂ ರಂಜಕ. ಎಲೆ, ಕಾಂಡ, ಬೇರುಗಳಲ್ಲಿ ಇದಕ್ಕಿಂತ ಹೆಚ್ಚೇ ಇರುತ್ತದೆ, ಆದರೆ ಅದನ್ನು ಮಡಿಗೇ ಹಿಂದಿರುಗಿಸಬಹುದು. ಕಾಯಿಯ ಬೀನ್ಸ್ ಮಣ್ಣನ್ನು ಬರಿದು ಮಾಡುವ ಬೆಳೆಯಲ್ಲ. ಹಿತವಾದ ಕಾಲದಲ್ಲಿ ಹಿತವಾದಷ್ಟು ಸಿಕ್ಕರೆ ತೃಪ್ತಿಯಾಗುವ ಬೆಳೆ. ಒಮ್ಮೆಲೇ ಸುರಿಯದೆ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುವ ಕಳಿತ ಗೊಬ್ಬರ ಗಂಟು ಕಟ್ಟುವುದಕ್ಕೆ ಅಡ್ಡಿಯಾಗದೆ ಗಿಡವನ್ನು ಸಾಕುತ್ತದೆ.

ಕಳಿಯದ ಹಸಿ ಗೊಬ್ಬರ ಇದಕ್ಕೆ ಪೂರ್ತಿ ವಿರುದ್ಧ. ಹಸಿ ಸಗಣಿ ಮತ್ತು ಹಸಿರು ಕಸದ ವಾಸನೆ ಬೀಜವನ್ನು ಕೊರೆಯುವ ನೊಣಗಳನ್ನು ಆಕರ್ಷಿಸುತ್ತದೆ, ಅವುಗಳ ಹುಳುಗಳು ಮೊಳೆಯುತ್ತಿರುವ ಬೀನ್ಸ್ ಬೀಜವನ್ನೇ ತಿನ್ನುತ್ತವೆ. ಒಣಹುಲ್ಲೇ ಹೆಚ್ಚಿರುವ ಅರೆಬೆಂದ ಕಾಂಪೋಸ್ಟ್ ಆದರೆ, ಅದನ್ನು ಕೊಳೆಸುವ ಸೂಕ್ಷ್ಮಾಣುಗಳು ಮಣ್ಣಿನಲ್ಲಿದ್ದ ಸಾರಜನಕವನ್ನು ತಾವೇ ಎಳೆದುಕೊಂಡು, ಗಂಟು ಇನ್ನೂ ಕಟ್ಟದ ಎಳೆಯ ಗಿಡವನ್ನು ಉಪವಾಸ ಕೆಡವುತ್ತವೆ. ಮುಷ್ಟಿಯಲ್ಲಿ ಹಿಡಿದಾಗ ಬಿಸಿ ತಾಗದೆ, ಕಾಡುಮಣ್ಣಿನ ವಾಸನೆ ಬರುವ, ಮೂಲ ಪದಾರ್ಥ ಯಾವುದೆಂದು ಗುರುತು ಸಿಗದ ಗೊಬ್ಬರವೇ ಬೀನ್ಸಿಗೆ ಯೋಗ್ಯ.

ಎರೆಹುಳು ಗೊಬ್ಬರದಲ್ಲಿ ಸಾರಜನಕ ಸಾಮಾನ್ಯವಾಗಿ ಶೇ 1 ರಿಂದ 2ರಷ್ಟು ಇದ್ದು, ಕಣ ನಯವಾಗಿರುವುದರಿಂದ ಸಾಲಿನಲ್ಲೇ ಕೊಡಲು ಅನುಕೂಲ. ಇಡೀ ಮಡಿಗೆ ಹರಡುವಷ್ಟು ಗೊಬ್ಬರ ನಿಮ್ಮಲ್ಲಿಲ್ಲದಿದ್ದರೆ, 5 ರಿಂದ 8 ಕಿಲೋ ಎರೆಗೊಬ್ಬರವನ್ನು ಬಿತ್ತುವ ಸಾಲಿಗೆ ಮಾತ್ರ ಹಾಕುವುದು ಉತ್ತಮ ಬದಲಿ. ಆದರೆ ಮಣ್ಣಿನ ಹದವನ್ನು, ಅಂದರೆ ಜಿಗುಟು ಮಣ್ಣಿನ ಗಡಸುತನವನ್ನು ಅಥವಾ ಮರಳಿನ ಒಣತನವನ್ನು ಸುಧಾರಿಸುವ ಕೆಲಸ ಅಷ್ಟು ಚಿಕ್ಕ ಪ್ರಮಾಣದಿಂದ ಆಗುವುದಿಲ್ಲ.

ಕೋಳಿ ಗೊಬ್ಬರ ಮತ್ತು ಎಣ್ಣೆಕಾಳಿನ ಹಿಂಡಿಗಳ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು. ಬೇವಿನ ಹಿಂಡಿಯಲ್ಲಿ ಸುಮಾರು ಶೇ 5, ಕಡಲೆಕಾಯಿ ಹಿಂಡಿಯಲ್ಲಿ ಸುಮಾರು ಶೇ 7 ಸಾರಜನಕವಿದೆ; ಇವು ಎಲೆ ತರಕಾರಿಗೆ ಹೇಳಿ ಮಾಡಿಸಿದವು, ಬೀನ್ಸಿಗೆ ಅಲ್ಲ. ಕೋಳಿ ಗೊಬ್ಬರದ ಸಾರಜನಕ ಬಹುಬೇಗ ಅಮೋನಿಯಾ ಆಗಿ ಬಿಡುಗಡೆಯಾಗುವುದರಿಂದ ಎಳೆ ಬೇರನ್ನು ಸುಡುತ್ತದೆ, ಜೊತೆಗೆ ಲವಣವನ್ನೂ ತರುತ್ತದೆ. ಲವಣದ ವಿಷಯದಲ್ಲಿ ಬೀನ್ಸಿನಷ್ಟು ಸೂಕ್ಷ್ಮವಾದ ತರಕಾರಿ ವಿರಳ: ಟೊಮೆಟೊ ಇಳುವರಿ ಇಳಿಯತೊಡಗುವುದು ಲವಣದ ಅಳತೆಯಾದ, ಮಣ್ಣಿನ ಸಂತೃಪ್ತ ದ್ರಾವಣದ ವಿದ್ಯುತ್ ವಾಹಕತೆ ಮೀಟರಿಗೆ 2.5 ಡೆಸಿಸೀಮೆನ್ಸ್ ದಾಟಿದ ಮೇಲಾದರೆ, ಬೀನ್ಸಿನದು 1.0 ದಾಟಿದೊಡನೆಯೇ ಇಳಿಯತೊಡಗುತ್ತದೆ. ಕೋಳಿ ಗೊಬ್ಬರವೇ ಕೈಗೆ ಸಿಗುವಂಥದ್ದಾದರೆ ಅದನ್ನು ಹಿಂದಿನ ಬೆಳೆಗೆ ಹಾಕಿ, ಅದರ ಉಳಿಕೆಯ ಮೇಲೆ ಬೀನ್ಸ್ ಬಿತ್ತಿ.

ರಂಜಕ: ಸೂಪರ್ ಫಾಸ್ಫೇಟೇ, ಡಿಎಪಿಯೇ, ಶಿಲಾರಂಜಕವೇ

ಕಾಯಿಯೊಡನೆ ಹೋಗುವ ರಂಜಕ ಬರೀ 4 ಗ್ರಾಂ ಎಂದಮೇಲೆ, ಶಿಫಾರಸುಗಳಲ್ಲಿ 50 ರಿಂದ 60 ಗ್ರಾಂ ರಂಜಕದ ಪೆಂಟಾಕ್ಸೈಡ್ (ಗೊಬ್ಬರಗಳಲ್ಲಿ ರಂಜಕವನ್ನು ಲೆಕ್ಕ ಹಾಕುವ ರೂಪ) ಕೊಡಬೇಕೆಂದು ಯಾಕೆ ಇರುತ್ತದೆ ಎಂದು ಕೇಳಬಹುದು. ರಂಜಕ ಮಣ್ಣಿನಲ್ಲಿ ಹೆಚ್ಚು ಚಲಿಸುವುದಿಲ್ಲ. ಕೊಟ್ಟದ್ದರಲ್ಲಿ ಬಹುಪಾಲು ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಎಳೆಯ ಬೇರು ಇನ್ನೂ ನಾಲ್ಕು ಬೆರಳು ಇಳಿದಿರುವಾಗಲೇ ಅದಕ್ಕೆ ರಂಜಕ ಬೇಕು, ಗಂಟುಗಳಲ್ಲಿ ಸಾರಜನಕ ಕೂಡಿಸುವ ಕೆಲಸಕ್ಕೂ ಬಹಳಷ್ಟು ರಂಜಕ ಬೇಕು. ಆದ್ದರಿಂದ ಕೊಡುವ ಪ್ರಮಾಣಕ್ಕಿಂತ ಕೊಡುವ ಜಾಗ ಮುಖ್ಯ. ಬೀಜದ ಸಾಲಿನಿಂದ 5 ಸೆಂಟಿಮೀಟರ್ ಪಕ್ಕಕ್ಕೆ ಮತ್ತು 5 ಸೆಂಟಿಮೀಟರ್ ಕೆಳಕ್ಕೆ ಸಾಲುಗೊಬ್ಬರವಾಗಿ ಇಟ್ಟರೆ, ಇಡೀ ಮಡಿಗೆ ಎರಚುವುದಕ್ಕಿಂತ ಕಡಿಮೆ ಗೊಬ್ಬರದಲ್ಲಿ ಕೆಲಸವಾಗುತ್ತದೆ.

60 ಗ್ರಾಂ ಲೆಕ್ಕ ಹಿಡಿದರೆ, ಶೇ 16ರ ಸೂಪರ್ ಫಾಸ್ಫೇಟ್ 375 ಗ್ರಾಂ ಬೇಕಾಗುತ್ತದೆ, ಶೇ 46ರ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) 130 ಗ್ರಾಂ ಸಾಕು. ಹೊರುವ ತೂಕ ನೋಡಿದರೆ ಡಿಎಪಿ ಅನುಕೂಲವೆನಿಸುತ್ತದೆ, ಅದರಲ್ಲಿನ ಶೇ 18 ಸಾರಜನಕದಿಂದ 23 ಗ್ರಾಂ ಬಂದು ಆರಂಭದ ಮೂರು ವಾರಗಳ ಹಸಿವೂ ನೀಗುತ್ತದೆ. ಆದರೂ ಬೀನ್ಸಿಗೆ ನಾನು ಸೂಪರ್ ಫಾಸ್ಫೇಟನ್ನೇ ಮುಂದಿಡುತ್ತೇನೆ. ಡಿಎಪಿ ಹರಳು ಕರಗುವಾಗ ಅದರ ಸುತ್ತಲಿನ ಮಣ್ಣು ಕ್ಷಾರಕ್ಕೆ ತಿರುಗಿ ಅಮೋನಿಯಾ ಬಿಡುಗಡೆಯಾಗುತ್ತದೆ, ಬೀಜಕ್ಕೆ ತಾಗುವಷ್ಟು ಹತ್ತಿರವಿದ್ದರೆ ಮೊಳಕೆ ಸಾಯುತ್ತದೆ. ಒಮ್ಮೆ ಅವಸರದಲ್ಲಿ ಬೀಜದ ಸಾಲಿಗೇ ಡಿಎಪಿ ಉದುರಿಸಿದ್ದೆ. ಎಂಟನೆಯ ದಿನ ಮಣ್ಣು ಕೆದಕಿ ನೋಡಿದಾಗ ಬೀಜಗಳು ಬಿರಿದಿದ್ದವು, ಮೊಳಕೆಯ ಬೇರಿನ ತುದಿಗಳು ಮಾತ್ರ ಕಂದುಬಣ್ಣಕ್ಕೆ ತಿರುಗಿ ದಾರದಂತೆ ಬಾಡಿಹೋಗಿದ್ದವು. ಸೂಪರ್ ಫಾಸ್ಫೇಟಿನಿಂದ ಅಂಥ ಅಪಾಯ ತೀರಾ ಕಡಿಮೆ. ಅದರಲ್ಲಿ ಶೇ 11ರಷ್ಟು ಗಂಧಕ ಮತ್ತು ಶೇ 20ರ ಆಸುಪಾಸಿನಲ್ಲಿ ಕ್ಯಾಲ್ಸಿಯಂ ಇದೆ. ಗಂಧಕ ದ್ವಿದಳ ಬೆಳೆಗಳಿಗೆ ಅತ್ಯಗತ್ಯ. ಗಂಟು ಕಟ್ಟದ ಮಣ್ಣು, ಸಾವಯವ ಅಂಶವೂ ತೀರಾ ಕಡಿಮೆ ಎಂದಾದರೆ ಮಾತ್ರ ಡಿಎಪಿಯ ಸಾರಜನಕ ನಿಜವಾದ ಲಾಭ.

ಶಿಲಾರಂಜಕದ (ರಾಕ್ ಫಾಸ್ಫೇಟ್) ಪುಡಿಯೂ ಮೂಳೆ ಗೊಬ್ಬರವೂ ಹುಳಿ ಮಣ್ಣಿನಲ್ಲಿ ಮಾತ್ರ ಕರಗುತ್ತವೆ. ಶಿಲಾರಂಜಕ ಕೆಲಸ ಮಾಡಲು ರಸಸಾರ 6ಕ್ಕಿಂತ ಕೆಳಗಿರಬೇಕು, ಬೀನ್ಸ್ ಚೆನ್ನಾಗಿ ಬೆಳೆಯಲು 6ಕ್ಕಿಂತ ಮೇಲಿರಬೇಕು. ಈ ಎರಡನ್ನೂ ಒಂದೇ ಮಡಿಯಲ್ಲಿ ಸಾಧಿಸುವುದು ಕಷ್ಟ. ಎರಡೇ ತಿಂಗಳ ಬೆಳೆಗೆ ಅಷ್ಟು ನಿಧಾನದ ಮೂಲವನ್ನು ನಂಬಿ ಕೂರಲಾಗದು. ಕಾಂಪೋಸ್ಟ್ ಕಳಿಯುವಾಗಲೇ ಅದರೊಳಗೆ ಬೆರೆಸುವುದು ಶಿಲಾರಂಜಕವನ್ನು ಬಳಸಿಕೊಳ್ಳುವ ಜಾಣ ದಾರಿ.

ವರ್ಷಗಟ್ಟಲೆ ಗೊಬ್ಬರ ಉಂಡ ಹಳೆಯ ಕೈತೋಟಗಳ ಕತೆಯೇ ಬೇರೆ. ಅಲ್ಲಿ ರಂಜಕ ಕೂಡಿಬಿದ್ದಿರುತ್ತದೆ, ಪರೀಕ್ಷೆಯಲ್ಲಿ ಹೆಚ್ಚು ಎಂದೇ ಬರುತ್ತದೆ. ಅಂಥ ಮಡಿಗೆ ಮತ್ತೆ ರಂಜಕ ಸುರಿದರೆ ಸತುವಿನ ಕೊರತೆ ತಲೆದೋರುವುದೇ ಫಲ. ಅಲ್ಲಿ ಮೇಲಿನ ಯಾವುದೂ ಬೇಡ.

ಪೊಟ್ಯಾಷ್

ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿದ ಮಡಿಗೆ ಪೊಟ್ಯಾಷ್ ಬೇರೆಯಾಗಿ ಬೇಕಾಗುವುದು ಅಪರೂಪ. ಮರಳು ಮಣ್ಣಾಗಿದ್ದು, ಹಳೆಯ ಎಲೆಗಳ ಅಂಚು ಹಳದಿಯಾಗಿ ಆಮೇಲೆ ಸುಟ್ಟಂತೆ ಒಣಗುತ್ತಿದ್ದರೆ ಕೊಡಬೇಕು. ಶೇ 60 ಪೊಟ್ಯಾಷ್ ಇರುವ ಮ್ಯೂರಿಯೇಟ್ (ಪೊಟ್ಯಾಸಿಯಂ ಕ್ಲೋರೈಡ್) ಮತ್ತು ಶೇ 50 ಇರುವ ಸಲ್ಫೇಟ್ (ಪೊಟ್ಯಾಸಿಯಂ ಸಲ್ಫೇಟ್) ಎಂಬ ಎರಡರಲ್ಲಿ ಮ್ಯೂರಿಯೇಟಿನ ತೂಕದ ಅರ್ಧದಷ್ಟು ಕ್ಲೋರೈಡೇ ಇರುತ್ತದೆ, ಅದರ ಲವಣದ ತೀಕ್ಷ್ಣತೆ ಸಲ್ಫೇಟಿನ ಎರಡು ಪಟ್ಟಿಗೂ ಮಿಗಿಲು. ಮಳೆಯೋ ನೀರಾವರಿಯೋ ಚೆನ್ನಾಗಿರುವ ಹೊಲದಲ್ಲಿ, ಬಿತ್ತುವ ಎರಡು ವಾರ ಮೊದಲೇ ಮಣ್ಣಿಗೆ ಬೆರೆಸಿದರೆ 80 ರಿಂದ 100 ಗ್ರಾಂ ಮ್ಯೂರಿಯೇಟಿನಿಂದ ತೊಂದರೆಯಾಗದು. ಕುಂಡ, ಚಾವಣಿ ತೋಟ, ಉಪ್ಪು ನೀರಿನ ಬಾವಿ ಇರುವ ಕಡೆ ಸಲ್ಫೇಟನ್ನೇ ಆರಿಸಿ. ಗಂಧಕವೂ ಜೊತೆಗೆ ಬರುತ್ತದೆ.

ಕಟ್ಟಿಗೆಯ ಬೂದಿಯಲ್ಲಿ ಶೇ 5ರ ಆಸುಪಾಸಿನಲ್ಲಿ ಪೊಟ್ಯಾಷ್ ಇದೆ, ಆದರೆ ಅದು ಗೊಬ್ಬರಕ್ಕಿಂತ ಹೆಚ್ಚಾಗಿ ಸುಣ್ಣದಂತೆ ವರ್ತಿಸುತ್ತದೆ. ಹುಳಿ ಮಣ್ಣಿಗೆ 10 ಚದರ ಮೀಟರಿಗೆ ಅರ್ಧದಿಂದ ಒಂದು ಕಿಲೋ ಹಿತ. ರಸಸಾರ 7ರ ಆಸುಪಾಸಿನಲ್ಲಿರುವ ಮಣ್ಣಿಗೆ ಬೂದಿ ಎರಚುತ್ತಾ ಹೋದರೆ ಸತು, ಕಬ್ಬಿಣಗಳನ್ನು ಕೈಯಾರೆ ಕಟ್ಟಿಹಾಕಿದಂತೆ. ಯೂರಿಯಾದೊಡನೆ ಅಥವಾ ಡಿಎಪಿಯೊಡನೆ ಬೂದಿಯನ್ನು ಎಂದೂ ಬೆರೆಸಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಮೇಲುಗೊಬ್ಬರ: ಕೊಡಲೇಬೇಕಾಗಿ ಬಂದಾಗ

ಬೇರು ನೋಡಿ ಸಾರಜನಕ ಬೇಕೆಂದು ತೀರ್ಮಾನವಾದರೆ 20 ಗ್ರಾಂ ಸಾರಜನಕ, ಅಂದರೆ 45 ಗ್ರಾಂನಷ್ಟು ಯೂರಿಯಾ, ನಾಲ್ಕನೆಯ ವಾರದಲ್ಲಿ ಹೂಮೊಗ್ಗು ಕಾಣುವ ಮೊದಲು ಸಾಲಿನ ಪಕ್ಕಕ್ಕೆ ಕೊಟ್ಟು, ಮಣ್ಣು ಮುಚ್ಚಿ, ನೀರು ಹಾಯಿಸಬೇಕು. ಮೇಲೆಯೇ ಬಿಟ್ಟ ಯೂರಿಯಾದ ಪಾಲು ಗಾಳಿಗೆ ಹೋಗುತ್ತದೆ. ಅಮೋನಿಯಂ ಸಲ್ಫೇಟಿನಲ್ಲಿ ಶೇ 21 ಸಾರಜನಕದೊಡನೆ ಶೇ 24 ಗಂಧಕವಿದ್ದು, ಅದು ಮಣ್ಣನ್ನು ಹುಳಿಯಾಗಿಸುವುದರಿಂದ ಕ್ಷಾರ ಮಣ್ಣಿಗೆ ಯೂರಿಯಾಕ್ಕಿಂತ ಒಳ್ಳೆಯದು, ಹುಳಿ ಮಣ್ಣಿಗೆ ಕೆಟ್ಟದ್ದು. ಕ್ಯಾಲ್ಸಿಯಂ ನೈಟ್ರೇಟ್ ತಕ್ಷಣ ಸಿಗುತ್ತದೆ, ಹುಳಿಯನ್ನೂ ಹೆಚ್ಚಿಸುವುದಿಲ್ಲ; ಆದರೆ ನೈಟ್ರೇಟ್ ರೂಪವೇ ಗಂಟುಗಳಿಗೆ ಅತ್ಯಂತ ಅಡ್ಡಿಯಾದ ರೂಪ, ಆದ್ದರಿಂದ ಗಂಟೇ ಇಲ್ಲದ ಗಿಡಗಳಿಗೆ ಮಾತ್ರ ಅದನ್ನು ಮೀಸಲಿಡಿ.

ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇ 19ರಷ್ಟಿರುವ 19:19:19ರಂಥ ನೀರಿನಲ್ಲಿ ಕರಗುವ ಮಿಶ್ರ ಗೊಬ್ಬರಗಳು ಎಲ್ಲರ ಕೈಗೂ ಬೇಗ ಸಿಗುತ್ತವೆ. ಲೀಟರಿಗೆ 5 ಗ್ರಾಂ ಕರಗಿಸಿ ಎಲೆಗೆ ಸಿಂಪಡಿಸಿದರೆ, ಬೇರು ತಾತ್ಕಾಲಿಕವಾಗಿ ಸೋತಿರುವಾಗ ಗಿಡ ಚೇತರಿಸಿಕೊಳ್ಳಲು ನೆರವಾಗುತ್ತದೆ. ಆದರೆ ಎಲೆಯ ಮೂಲಕ ಕೊಡಬಹುದಾದ ಪ್ರಮಾಣ ಬಲು ಚಿಕ್ಕದು. ತಳಗೊಬ್ಬರವಿಲ್ಲದ ಮಡಿಯನ್ನು ಸಿಂಪಡಣೆಯಿಂದಲೇ ಸಾಕುತ್ತೇನೆಂದರೆ ಆಗುವುದಿಲ್ಲ.

ಬಳ್ಳಿ ಬೀನ್ಸ್ ಮತ್ತು ಗಿಡ್ಡ ಬೀನ್ಸ್ ಬೇರೆ ಬೇರೆಯಾಗುವುದು ಈ ಹಂತದಲ್ಲಿಯೇ. ಗಿಡ್ಡ ಜಾತಿ ಎರಡು ಮೂರು ವಾರಗಳಲ್ಲಿ ಕಾಯಿಯನ್ನೆಲ್ಲ ಕೊಟ್ಟು ಮುಗಿಸುತ್ತದೆ, ಹೂ ಬಿಟ್ಟ ಮೇಲೆ ಅದಕ್ಕೆ ಕೊಟ್ಟ ಗೊಬ್ಬರ ಹೆಚ್ಚಾಗಿ ವ್ಯರ್ಥ. ಬಳ್ಳಿ ಜಾತಿ ಆರೆಂಟು ವಾರ ಕಾಯಿ ಬಿಡುತ್ತಲೇ ಇರುವುದರಿಂದ, ಮೊದಲ ಕೊಯ್ಲಿನ ನಂತರ ಎರೆಗೊಬ್ಬರವನ್ನೋ ಕಾಂಪೋಸ್ಟನ್ನೋ ಬುಡಗಳಿಗೆ ಒಟ್ಟು ಎರಡು ಕಿಲೋದಷ್ಟು ಹರಡಿ ನೀರು ಕೊಡುವುದು ಫಲ ಕೊಡುತ್ತದೆ.

ನೀರು ನಿಂತ ಮಡಿಯಲ್ಲಿ ಎಲೆ ಹಳದಿಯಾದಾಗ ಯೂರಿಯಾ ಎರಚುವುದು ಸಾಮಾನ್ಯವಾದ ತಪ್ಪು. ಗಂಟುಗಳಿಗೆ ಗಾಳಿ ಬೇಕು. ಕೆಸರಿನಲ್ಲಿ ಅವು ಉಸಿರುಗಟ್ಟುತ್ತವೆ. ಅಲ್ಲಿ ಬೇಕಾದದ್ದು ಬಸಿಗಾಲುವೆ.

ಸತು, ಮಾಲಿಬ್ಡಿನಂ, ಬೋರಾನ್

ಸತುವಿನ ಕೊರತೆಯನ್ನು ಎಲ್ಲರಿಗಿಂತ ಮೊದಲು ತೋರಿಸುವ ಬೆಳೆಗಳಲ್ಲಿ ಬೀನ್ಸ್ ಒಂದು. ಎಲೆಯ ನರಗಳ ನಡುವೆ ತಿಳಿಹಳದಿ, ಚಿಕ್ಕ ಎಲೆ, ಕುಗ್ಗಿದ ಗೆಣ್ಣು ಅದರ ಗುರುತು. ಕ್ಷಾರ ಮಣ್ಣು, ರಂಜಕ ಹೆಚ್ಚಾದ ಮಣ್ಣು, ಮೇಲ್ಮಣ್ಣು ಕೆತ್ತಿ ಸಮತಟ್ಟು ಮಾಡಿದ ನೆಲಗಳಲ್ಲಿ ಇದು ಬಹಳ. ಮಣ್ಣಿಗೆ ಕೊಡುವುದಾದರೆ 25 ಗ್ರಾಂ ಸತುವಿನ ಸಲ್ಫೇಟ್ ಒಂದೆರಡು ವರ್ಷಗಳಿಗೆ ಸಾಕು. ನಿಂತ ಬೆಳೆಗಾದರೆ ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಮತ್ತು ಅದರ ಹುಳಿ ಎಲೆಯನ್ನು ಸುಡದಂತೆ 2.5 ಗ್ರಾಂ ಅರಳಿಸಿದ ಸುಣ್ಣ ಬೆರೆಸಿ, ಸೋಸಿ, ಸಂಜೆ ಸಿಂಪಡಿಸಿ. ಸತುವನ್ನು ರಂಜಕ ಗೊಬ್ಬರದೊಡನೆ ಮಾತ್ರ ಬೆರೆಸಬೇಡಿ.

ಗಂಟಿನೊಳಗೆ ಸಾರಜನಕ ಹಿಡಿಯುವ ಕಿಣ್ವಕ್ಕೆ ಮಾಲಿಬ್ಡಿನಂ ಬೇಕು. ಹುಳಿ ಮಣ್ಣಿನಲ್ಲಿ ಅದು ಸಿಗದಾಗ ಗಂಟುಗಳಿದ್ದೂ ಗಿಡ ಹಳದಿಯಾಗಿರುತ್ತದೆ. ಸುಣ್ಣ ಹಾಕಿ ರಸಸಾರ ಏರಿಸಿದರೆ ಮಣ್ಣಿನಲ್ಲಿದ್ದ ಮಾಲಿಬ್ಡಿನಂ ತಾನಾಗಿಯೇ ಒದಗುವುದರಿಂದ ಬೇರೆ ಗೊಬ್ಬರ ಹುಡುಕಬೇಕಾದ ಪ್ರಸಂಗ ಕಡಿಮೆ. ಬೋರಾನ್ ವಿಷಯದಲ್ಲಿ ಬೀನ್ಸ್ ಬಹಳ ನಾಜೂಕು: ಕೋಸಿನ ಜಾತಿಗೆ ಹಿತವಾದ ಪ್ರಮಾಣವೇ ಇದಕ್ಕೆ ವಿಷವಾಗಬಲ್ಲದು. ಪರೀಕ್ಷೆಯಲ್ಲಿ ಕೊರತೆ ಕಾಣದೆ ಬೋರಾಕ್ಸ್ ಹಾಕಬೇಡಿ, ಎಲೆಕೋಸಿಗೋ ಬೀಟ್‌ರೂಟಿಗೋ ಬೋರಾಕ್ಸ್ ಹಾಕಿದ ಮಡಿಯಲ್ಲಿ ಅದರ ಬೆನ್ನಿಗೇ ಬೀನ್ಸ್ ಬಿತ್ತಬೇಡಿ.

ಕುಂಡದಲ್ಲಿ ಬೆಳೆಯುವವರಿಗೆ

ಕುಂಡದ ಮಣ್ಣು ಸೀಮಿತ, ಲವಣ ಹೊರಹೋಗಲು ದಾರಿಯೂ ಸೀಮಿತ. ಮೂರರಲ್ಲಿ ಒಂದು ಪಾಲು ಕಳಿತ ಕಾಂಪೋಸ್ಟ್ ಬೆರೆಸಿದ ಮಿಶ್ರಣ, 15 ಲೀಟರ್ ಕುಂಡಕ್ಕೆ ಒಂದು ಮುಷ್ಟಿ ಸೂಪರ್ ಫಾಸ್ಫೇಟಿನ ಬದಲು ಒಂದು ದೊಡ್ಡ ಚಮಚ ಮಾತ್ರ, ಮೂರನೆಯ ವಾರದಿಂದ ಹದಿನೈದು ದಿನಕ್ಕೊಮ್ಮೆ ಲೀಟರಿಗೆ 1 ಗ್ರಾಂ ಮಿಶ್ರ ಗೊಬ್ಬರದ ತೆಳುವಾದ ನೀರು, ಇಷ್ಟು ಸಾಕು. ಖರೀದಿಸಿದ ಮಿಶ್ರಣದಲ್ಲಿ ರೈಜೋಬಿಯಂ ಇರುವುದಿಲ್ಲವಾದ್ದರಿಂದ ಇಲ್ಲಿ ಬೀಜಲೇಪನಕ್ಕೆ ಹೊಲಕ್ಕಿಂತ ಹೆಚ್ಚು ಬೆಲೆಯಿದೆ. ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪಿನ ಪದರ ಕಂಡರೆ ಗೊಬ್ಬರ ನಿಲ್ಲಿಸಿ, ತಳದ ರಂಧ್ರದಿಂದ ಧಾರಾಳವಾಗಿ ಹರಿಯುವಷ್ಟು ಸಿಹಿನೀರು ಕೊಡಿ.

ಕೊನೆಯ ಕೊಯ್ಲಿನ ಮೇಲೆ

ಕಾಯಿ ಮುಗಿದ ಗಿಡವನ್ನು ಬೇರುಸಹಿತ ಕೀಳುವುದೋ, ನೆಲಮಟ್ಟಕ್ಕೆ ಕತ್ತರಿಸುವುದೋ ಎಂಬುದೂ ಮುಂದಿನ ಬೆಳೆಯ ಗೊಬ್ಬರದ ಆಯ್ಕೆಯೇ. ಬೇರನ್ನು ಮಣ್ಣಿನಲ್ಲೇ ಬಿಟ್ಟರೆ ಗಂಟುಗಳೂ ಅವುಗಳೊಳಗಿನ ರೈಜೋಬಿಯಂ ಕೂಡ ಅಲ್ಲೇ ಉಳಿಯುತ್ತವೆ; ಕತ್ತರಿಸಿದ ಸೊಪ್ಪಿನಲ್ಲಿ ಕಾಯಿಗಿಂತ ಹೆಚ್ಚು ಸಾರಜನಕ ಇರುವುದರಿಂದ ಅದನ್ನು ಅಲ್ಲೇ ಕೊಚ್ಚಿ ಮಣ್ಣಿಗೆ ಸೇರಿಸಿದರೆ ಮುಂದೆ ಬರುವ ಎಲೆ ತರಕಾರಿಗೆ ಅರ್ಧ ಗೊಬ್ಬರ ಸಿಕ್ಕಂತೆ. ಎಲೆಯಲ್ಲಿ ತುಕ್ಕುರೋಗವೋ ಕಾಯಿಯಲ್ಲಿ ಚಿಬ್ಬುರೋಗವೋ ಇದ್ದರೆ ಮಾತ್ರ ಸೊಪ್ಪನ್ನು ಹೊರಗೆ ಸಾಗಿಸಿ. ಹಾಗೆಯೇ, ಕತ್ತರಿಸುವ ಮೊದಲು ಒಂದೆರಡು ಗಿಡಗಳನ್ನು ಅಗೆದು ನೋಡಿ. ಬೇರೇ ಊದಿ ಗಡ್ಡೆಕಟ್ಟಿದ್ದರೆ ಎಲ್ಲ ಗಿಡಗಳನ್ನೂ ಬೇರುಸಹಿತ ಎತ್ತಿ ಬಿಸಿಲಿಗೆ ಒಣಗಿಸಿ ಸುಟ್ಟುಬಿಡಿ, ಆ ಮಡಿಯಲ್ಲಿ ಮುಂದಿನ ಬಾರಿಗೆ ಬೀನ್ಸೂ ಬೇಡ, ಟೊಮೆಟೊ, ಬೆಂಡೆಗಳೂ ಬೇಡ; ಜೋಳವನ್ನೋ ಚೆಂಡು ಹೂವನ್ನೋ ಬೆಳೆದು ಹುಳುವಿನ ಸಂಖ್ಯೆ ತಗ್ಗಿದ ಮೇಲೆ ಮತ್ತೆ ಬೀನ್ಸ್ ಬಿತ್ತಬಹುದು.